ನೀರು ಕಾಣದ ಹರಿಗೋಲು

“ಗುರುಗಳೇ, ಕೆಟ್ಟುಹೋದ ಪಡೆಯೊಂದು ಸರಿಹೋಯಿತು ಎಂದು ತಿಳಿಯುವುದು ಹೇಗೆ?”

ಹೀಗೆ ಕೇಳಿದ ಶಿಷ್ಯ ಹಿಂದಿನ ದಿನ ಪೇಟೆಗೆ ಹೋಗಿ ಬಂದಿದ್ದ. ನೆರೆಯಲ್ಲಿ ಜನರನ್ನು ಕಾಯಬೇಕಾದ ರಾಜ್ಯದ ಪಡೆಯನ್ನು ತಿದ್ದಬೇಕೆಂದು ಸಭೆಯವರು ಪಟ್ಟು ಹಿಡಿದಿದ್ದಾರೆ ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲಿತ್ತು.

ಗುರುಗಳು ಒಂದು ಕತೆ ಹೇಳಿದರು.

ದೊಡ್ಡ ನದಿ ಹರಿಯುವ ನಾಡಿನಲ್ಲಿ ಒಂದು ನೆರೆಪಡೆ ಇತ್ತು. ನದಿ ಉಕ್ಕಿದಾಗ ಹರಿಗೋಲುಗಳಲ್ಲಿ ಹೋಗಿ ಜನರನ್ನು ದಡಕ್ಕೆ ತರುವುದು ಅದರ ಕೆಲಸ. ಬಿದಿರು ಹೆಣೆದು, ಎಮ್ಮೆಯ ತೊಗಲು ಹೊದಿಸಿದ, ಬುಟ್ಟಿಯಂಥ ದೋಣಿಗಳು ಅವು. ಮೊದಲು ಅವು ನದಿಯ ದಡದಲ್ಲೇ ಇರುತ್ತಿದ್ದವು. ಪಡೆಯ ಅಂಬಿಗರು ಅವುಗಳಲ್ಲಿ ಸಂತೆಗೆ ಕುಂಬಳಕಾಯಿ ಸಾಗಿಸಿದರು. ಒಮ್ಮೆ ಮದುವೆಯ ದಿಬ್ಬಣವನ್ನೇ ದಾಟಿಸಿದರು. ದೂರು ಸಭೆಗೆ ಹೋಯಿತು. ರಾಜ್ಯದ ಸ್ವತ್ತು ಹೀಗೆ ಸವೆಯಬಾರದು ಎಂದು ಸಭೆ ಕಟ್ಟಳೆ ಮಾಡಿತು. ಹರಿಗೋಲುಗಳು ರಾಜಧಾನಿಯ ಉಗ್ರಾಣದಲ್ಲಿರಬೇಕು, ನೆರೆಗಲ್ಲದೆ ನೀರಿಗೆ ಇಳಿಯಬಾರದು. ದೊರೆಯ ಮುದ್ರೆ ಬಾರದೆ ಬಾಗಿಲು ತೆರೆಯಬಾರದು.

ಪಡೆಯ ಮುಖ್ಯಸ್ಥ ಕಟ್ಟುನಿಟ್ಟಿನ ಮನುಷ್ಯ. ಹರಿಗೋಲುಗಳನ್ನು ಸಾಲಾಗಿ ಗೋಡೆಗೆ ಒರಗಿಸಿ, ದಿನವೂ ಧೂಳು ಕೊಡವಿಸಿದ. ಆಯುಧಪೂಜೆಯಂದು ಅವುಗಳಿಗೆ ಅರಿಸಿನ ಕುಂಕುಮ ಹಚ್ಚಿಸಿದ. ನೋಡಿದವರು ಮೆಚ್ಚಿದರು.

ಹೀಗೆ ವರ್ಷಗಳು ಕಳೆದವು. ಒಂದು ಮಳೆಗಾಲ ನದಿ ಉಕ್ಕಿತು. ಮುದ್ರೆ ಬಂತು, ಬಾಗಿಲು ತೆರೆಯಿತು, ಗಾಡಿಗಳ ಮೇಲೆ ಹರಿಗೋಲುಗಳು ದಡ ಸೇರಿದವು. ನೀರಿಗೆ ಇಳಿಸಿದ ಕೂಡಲೇ ಒಂದರ ಹಿಂದೆ ಒಂದು ಮುಳುಗಿದವು. ದಿನಾ ನೆನೆದು ದಿನಾ ಬಿಸಿಲು ಕಾಣುವ ತೊಗಲು ಮೆತ್ತಗಿರುತ್ತದೆ. ಉಗ್ರಾಣದಲ್ಲಿ ನಿಂತೇ ಇದ್ದ ತೊಗಲು ಒಣಗಿ ಬಿರಿದಿತ್ತು. ನದಿಯ ನಡುಗಡ್ಡೆಯ ಜನ ಮರಗಳ ಮೇಲೆ ಕುಳಿತು ಇದನ್ನು ನೋಡಿದರು. ಕೈ ಸೋತವರು ನೀರಿಗೆ ಬಿದ್ದರು.

ಆ ನಡುಗಡ್ಡೆಯಲ್ಲಿ ಹುಟ್ಟಿದ ಒಬ್ಬ ಸಭಾಸದನಿದ್ದ. ನೀರಿಗೆ ಬಿದ್ದವರಲ್ಲಿ ಅವನ ತಂಗಿಯ ಗಂಡನೂ ಒಬ್ಬ. ತಂಗಿ ಮಕ್ಕಳೊಡನೆ ಹೇಗೋ ಉಳಿದಳು. ನೀರು ಇಳಿದ ಮೇಲೆ ಅವನು ಹೋಗಿ, “ರಾಜಧಾನಿಗೆ ಬಂದುಬಿಡು” ಎಂದು ಕರೆದ.

“ನಾನು ಬರಬಹುದು ಅಣ್ಣಾ. ಊರಿಗೆ ಊರೇ ಬಂದರೆ ನಿನ್ನ ಜಗಲಿ ಸಾಲುತ್ತದೆಯೇ?” ಎಂದಳು ಅವಳು.

ಮುಂದಿನ ಮಳೆಗಾಲದೊಳಗೆ ಪಡೆ ಸರಿಹೋಗದಿದ್ದರೆ ತಂಗಿಯೂ ಉಳಿಯುವುದಿಲ್ಲ ಎಂಬುದು ಸಭಾಸದನಿಗೆ ಗೊತ್ತಿತ್ತು.

ಸಭೆ ಸೇರಿತು. ಕೋಟೆ ಸೂರೆಹೋದ ಮೇಲೆ ಬಾಗಿಲು ಹಾಕುವ ಪಡೆ ಯಾಕೆ, ಮುಚ್ಚಿಬಿಡಿ ಎಂದರು ಹಲವರು. ಮುಖ್ಯಸ್ಥ ಎದ್ದು ನಿಂತ.

“ನನ್ನ ತಪ್ಪೇನು ಸ್ವಾಮಿ? ನೀವು ಕಾಪಾಡು ಎಂದಿರಿ, ಕಾಪಾಡಿದೆ. ಒಂದರ ಮೇಲಾದರೂ ಗೀರು ಬಿದ್ದಿತ್ತೇ?”

ಸಭೆ ರೇಗಿತು. ನಡುಗಡ್ಡೆಯ ಸಭಾಸದ ಮಾತ್ರ ತಲೆ ತಗ್ಗಿಸಿದ. ಆ ಕಟ್ಟಳೆಗೆ ಕೈ ಎತ್ತಿದವರಲ್ಲಿ ಅವನೂ ಇದ್ದ. ಗದ್ದಲ ಅಡಗಿದ ಮೇಲೆ ಅವನು ಮಾತಾಡಿದ.

“ನೆಗಡಿ ಬಂತೆಂದು ಮೂಗು ಕೊಯ್ಯುವುದು ಬೇಡ. ಪಡೆ ಇರಲಿ, ಉಗ್ರಾಣ ಹೋಗಲಿ. ಹರಿಗೋಲುಗಳಿಗೆ ಹೊಸ ತೊಗಲು ಹೊದಿಸಿ ನದಿಯ ಊರುಗಳಿಗೆ ಕೊಡೋಣ. ಅಂಬಿಗರು ವರ್ಷವೆಲ್ಲ ಮೀನು ಹಿಡಿಯಲಿ, ಕುಂಬಳಕಾಯಿ ಸಾಗಿಸಲಿ. ಮೇಲಿನೂರಿನಿಂದ ನೆರೆಯ ನಗಾರಿ ಕೇಳಿಸಿದರೆ ಕೈಯ ಕೆಲಸ ಬಿಟ್ಟು ಹೊರಡಬೇಕು. ಮುದ್ರೆಗೆ ಕಾಯಬಾರದು.”

“ಕದ್ದುಕೊಂಡು ಹೋದರೆ?” ಎಂದ ಮುಖ್ಯಸ್ಥ.

“ಕದ್ದವನೂ ಅದನ್ನು ನೀರಿಗೇ ಇಳಿಸಬೇಕಲ್ಲ ಸ್ವಾಮಿ. ನಮ್ಮ ಉಗ್ರಾಣಕ್ಕಿಂತ ಅವನೇ ವಾಸಿ.”

ಸಭೆ ನಕ್ಕಿತು. ದೊರೆ ನಗಲಿಲ್ಲ. “ಮುಂದಿನ ನೆರೆಯಲ್ಲಿ ಜೀವ ಹೋದರೆ ನನಗೆ ಉತ್ತರ ಹೇಳುವವರು ಯಾರು?” ಎಂದು ಕೇಳಿದ.

“ಮಳೆ ಹಿಡಿದ ದಿನದಿಂದ ನಾನು ನಡುಗಡ್ಡೆಯಲ್ಲಿ ಇರುತ್ತೇನೆ ಪ್ರಭು. ಹರಿಗೋಲು ಬಾರದಿದ್ದರೆ ಉತ್ತರ ಹೇಳುವ ಕಷ್ಟ ನನಗೆ ಉಳಿಯುವುದಿಲ್ಲ.”

ದೊರೆ ಒಪ್ಪಿದ. ಮುಖ್ಯಸ್ಥನಿಗೂ ರಾಜಧಾನಿ ಬಿಟ್ಟು ನದಿಯ ದಡದಲ್ಲಿ ವಾಸ ಮಾಡಲು ಹೇಳಿದ.

ಮಳೆ ಹಿಡಿಯಿತು. ಸಭಾಸದ ಆಡಿದ ಮಾತಿನಂತೆ ತಂಗಿಯ ಮನೆಗೆ ಬಂದ. ನದಿ ಹಿಂದಿನ ಸಲಕ್ಕಿಂತ ಬೇಗ ಏರಿತು. ಬೆಳಿಗ್ಗೆ ಹೊಸಿಲು ಮುಳುಗಿತು, ಮಧ್ಯಾಹ್ನಕ್ಕೆ ಎಲ್ಲರೂ ಮನೆಯ ಮಾಡು ಹತ್ತಿದರು. ತಂಗಿ ಮಕ್ಕಳನ್ನು ಸೆರಗಿನಿಂದ ಸೊಂಟಕ್ಕೆ ಬಿಗಿದುಕೊಂಡಳು. ದೂರದಲ್ಲಿ ನಗಾರಿ ಕೇಳಿಸಿತು. ಸಭಾಸದನ ಕಣ್ಣು ನದಿಯ ತಿರುವಿನಲ್ಲಿ ನೆಟ್ಟಿತ್ತು. ಹೊಸ ನೀರಿಗೆ ಮೀನು ಹೇರಳವಾಗಿ ಸಿಗುತ್ತದೆ. ತುಂಬಿದ ಬಲೆ ಬಿಟ್ಟು ಯಾವ ಅಂಬಿಗ ಬಂದಾನು? ಈ ಪ್ರಶ್ನೆಯನ್ನು ಸಭೆಯಲ್ಲಿ ಯಾರೂ ಕೇಳಿರಲಿಲ್ಲ. ಅವನೂ ಯೋಚಿಸಿರಲಿಲ್ಲ.

ಆಗ ತಿರುವಿನಲ್ಲಿ ಒಂದು ಹರಿಗೋಲು ಕಾಣಿಸಿತು. ಅದರ ಹಿಂದೆ ಇನ್ನೊಂದು. ಆಮೇಲೆ ನದಿಯ ಅಗಲಕ್ಕೂ ಹರಿಗೋಲುಗಳೇ. ಸುಳಿಗಳಲ್ಲಿ ಬುಗುರಿಯಂತೆ ತಿರುಗುತ್ತ, ಹುಟ್ಟಿನ ಒಂದೊಂದು ಏಟಿಗೆ ನೇರವಾಗುತ್ತ ಬಂದವು. ಮುಂದಿನದು ಮಾಡಿಗೆ ತಾಗಿ ನಿಂತಿತು. ಅದರ ತಳದಲ್ಲಿ ಮೀನು ಇನ್ನೂ ಒದ್ದಾಡುತ್ತಿದ್ದವು.

“ಅರ್ಧ ಬಲೆ ಎಳೆದಿದ್ದೆ, ಉಳಿದದ್ದು ಗಂಗಮ್ಮನಿಗೆ ಬಿಟ್ಟೆ. ಮೀನಿನ ಮೇಲೆ ಕೂರಬೇಕು ಯಜಮಾನರೇ, ಮುಖ ಸಿಂಡರಿಸಬೇಡಿ” ಎಂದ ಅಂಬಿಗ.

ಸಭಾಸದ ತಂಗಿಯನ್ನೂ ಮಕ್ಕಳನ್ನೂ ಹತ್ತಿಸಿದ. ಎಲ್ಲರೂ ಹೋದ ಮೇಲೆ ತಾನು ಎಂದು ಹಿಂದೆ ಸರಿದ. ಅಕ್ಕಪಕ್ಕದ ಮಾಡುಗಳಿಂದ ಮುದುಕರು ಇಳಿದರು, ಬಾಣಂತಿಯರು ಇಳಿದರು, ಕೋಳಿಗಳೂ ಇಳಿದವು. ಎಮ್ಮೆಗಳು ಹಿಂದೆಯೇ ಈಜಿದವು. ಕೊನೆಯ ಹರಿಗೋಲಿನಲ್ಲಿ ಹುಟ್ಟು ಹಾಕುತ್ತಿದ್ದವನು ಪಡೆಯ ಮುಖ್ಯಸ್ಥ. ಅವನ ಅಂಗೈ ಬೊಬ್ಬೆ ಎದ್ದು ಒಡೆದು ಗಟ್ಟಿಯಾಗಿತ್ತು.

“ಇದರ ಮೈತುಂಬ ಗೀರು. ಒಳಗೆ ಒಂದು ಹನಿ ನೀರಿಲ್ಲ ನೋಡಿ” ಎಂದು ಅವನು ಕೈ ಚಾಚಿದ.

ಅಂದು ನದಿಗೆ ಒಂದು ಜೀವವೂ ಸಿಗಲಿಲ್ಲ. ದಡದಲ್ಲಿ ನಗಾರಿಯವನು ತಾಳ ಬದಲಿಸಿ ಕುಣಿತಕ್ಕೆ ಬಾರಿಸಿದ. ಒದ್ದೆ ಬಟ್ಟೆಯಲ್ಲೇ ಜನ ಕುಣಿದರು. ಗಂಡನನ್ನು ನದಿಗೆ ಕೊಟ್ಟಿದ್ದ ತಂಗಿ ಕುಣಿಯಲಿಲ್ಲ. ಮಕ್ಕಳ ತಲೆ ಒರೆಸುತ್ತ, “ಅಣ್ಣಾ, ಸಭೆಯಲ್ಲಿ ಕೂತು ಒಂದು ಕೆಲಸ ಮಾಡಿದೆ” ಎಂದಳು. ಸಭಾಸದನಿಗೆ ಬೇರೆ ಬಿರುದು ಬೇಕಾಗಲಿಲ್ಲ.

ನೆರೆ ಇಳಿದ ಮೇಲೆ ದೊರೆ ಸನ್ಮಾನಕ್ಕೆ ಬಂದ. ಹರಿಗೋಲಿಗೊಂದರಂತೆ ಹೂವಿನ ಹಾರ ತಂದಿದ್ದ. ದಡಕ್ಕೆ ಬಂದು ನೋಡಿದರೆ ಒಂದು ಹರಿಗೋಲೂ ಇಲ್ಲ, ಒಬ್ಬ ಅಂಬಿಗನೂ ಇಲ್ಲ. ಮುಖ್ಯಸ್ಥನೂ ಇಲ್ಲ. ಅಲ್ಲಿದ್ದವಳು ಬಟ್ಟೆ ಒಗೆಯುವ ಒಬ್ಬ ಅಜ್ಜಿ.

“ಇವತ್ತು ಸಂತೆಯಲ್ಲವೇ ಬುದ್ಧೀ, ಕೆಲಸಕ್ಕೆ ಹೋಗಿದ್ದಾರೆ” ಎಂದಳು ಅವಳು.

ಮಂತ್ರಿಗೆ ಕಸಿವಿಸಿಯಾಯಿತು. ಎಲ್ಲರನ್ನೂ ಹಿಂದಕ್ಕೆ ಕರೆಸೋಣ, ಗೆದ್ದ ಹರಿಗೋಲುಗಳನ್ನು ಅರಮನೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸೋಣ, ನಾಡೆಲ್ಲ ಬಂದು ನೋಡಲಿ ಎಂದ. ಜೊತೆಗಿದ್ದ ಸಭಾಸದ ದೊರೆಯ ಮುಖ ನೋಡಿದ. ದೊರೆ ನದಿಯತ್ತ ತಿರುಗಿ ನೋಡಿದ. ಅಷ್ಟರಲ್ಲಿ ಯಾರದೋ ಎಮ್ಮೆ ಬಂದು ಒಂದು ಹಾರವನ್ನು ಮೂಸಿ, ತಿನ್ನತೊಡಗಿತು. ದೊರೆ ಜೋರಾಗಿ ನಕ್ಕು, ರಥವನ್ನು ರಾಜಧಾನಿಯ ಕಡೆಗೆ ತಿರುಗಿಸಲು ಹೇಳಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಅಷ್ಟು ದೂರ ಬಂದು, ದೊರೆ ಏನೂ ನೋಡದೆ ಹಿಂದಿರುಗಿದನೇ?”

“ನೋಡಬೇಕಾದದ್ದನ್ನು ನೋಡಿಯೇ ಹಿಂದಿರುಗಿದ. ದಡ ಖಾಲಿ ಇತ್ತು, ಹರಿಗೋಲುಗಳೆಲ್ಲ ನೀರಿನಲ್ಲಿದ್ದವು.”