ಹೇಳಬಾರದ ಔಷಧಿ

ನದಿಯ ದಡದಲ್ಲಿ ಶಂಭಯ್ಯ ಗುರುಗಳ ಆಶ್ರಮವಿತ್ತು. ಊರೂರಿಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವವರನ್ನು ಅವರು ಅಲ್ಲಿ ತಯಾರು ಮಾಡುತ್ತಿದ್ದರು.

ಶಿಷ್ಯರಲ್ಲಿ ಕೇದಾರ ನಾಡಿ ನೋಡುವ ವೈದ್ಯರ ಮನೆತನದವನು. ಗೌರವ್ವ ಸೂಲಗಿತ್ತಿಯ ಮೊಮ್ಮಗಳು. ಬಾಣಂತಿಯರ, ಹಾಸಿಗೆ ಹಿಡಿದವರ ಆರೈಕೆಯನ್ನು ಅಜ್ಜಿಯಿಂದ ಕಲಿತು ಬಂದಿದ್ದಳು. ಇಬ್ಬರೂ ಜಾಣರು.

ಇಬ್ಬರಿಗೂ ಮನೆಯಲ್ಲಿ ಒಂದೇ ಮಾತು ಹೇಳಿ ಕಳಿಸಿದ್ದರು. ಕೊಟ್ಟ ಔಷಧಿಯ ಹೆಸರು ಬಾಯಿಬಿಟ್ಟರೆ ಕೈಗುಣ ಹೋಗುತ್ತದೆ. ಗುರುಗಳ ಕಿವಿಯಲ್ಲಿ ಹೇಳಬಹುದು, ಇನ್ಯಾರಿಗೂ ಹೇಳಬಾರದು.

ಹಾಗಾಗಿ ಒಂದೇ ರೋಗಿಯ ಆಚೆ ಈಚೆ ಕೂತರೂ ಇಬ್ಬರೂ ತುಟಿ ಪಿಟಕ್ ಎನ್ನುತ್ತಿರಲಿಲ್ಲ. ನೋಡಿದವರು ಜಗಳವಾಡಿಕೊಂಡಿದ್ದಾರೆ ಎಂದುಕೊಳ್ಳಬೇಕು, ಹಾಗಿತ್ತು ಅವರ ನಿಷ್ಠೆ.

ಒಂದು ಬೆಳಿಗ್ಗೆ ಗುರುಗಳು ಬೇರು ತರಲು ಕಾಡಿಗೆ ಹೋಗಿದ್ದರು. ಕಂಬಳಿ ನೇಯುವ ಹುಲುಗಪ್ಪ ಹೊಟ್ಟೆ ಕಟ್ಟಿದೆಯೆಂದು ಹೆಂಡತಿಯೊಡನೆ ಬಂದ.

ಕೇದಾರ ಹರಳೆಣ್ಣೆ ಕುಡಿಸಿ ಬೇರೆ ರೋಗಿಯ ಕಡೆ ಹೋದ. ಆಮೇಲೆ ಗೌರವ್ವ ಬಂದು ಸೋನಾಮುಖಿಯ ಕಷಾಯ ಕುಡಿಸಿದಳು. ಎರಡೂ ಭೇದಿ ಮಾಡಿಸುವ ಔಷಧಿಗಳೇ. ಕೊಟ್ಟದ್ದನ್ನು ಕುಡಿಯುವುದಷ್ಟೇ ತನ್ನ ಕೆಲಸ ಎಂದುಕೊಂಡ ಹುಲುಗಪ್ಪ ಎರಡನ್ನೂ ಕುಡಿದ.

ಮಧ್ಯಾಹ್ನ ಗುರುಗಳು ಮರಳಿದಾಗ ಅವನು ಭೇದಿಯಾಗಿ ಸುಸ್ತಾಗಿ, ಚಾಪೆಯ ಮೇಲೆ ಪ್ರಜ್ಞೆ ತಪ್ಪಿದವನಂತೆ ಬಿದ್ದಿದ್ದ. ಕಣ್ಣುಗಳು ಒಳಗೆ ಹೋಗಿದ್ದವು. ಹೆಂಡತಿ ಅವನ ಅಂಗಾಲು ತಿಕ್ಕುತ್ತಾ ಅಳುತ್ತಿದ್ದಳು. ಗೌರವ್ವ ಪಕ್ಕದಲ್ಲಿ ನೀರಿನ ಬಟ್ಟಲು ಹಿಡಿದು ಕೂತಿದ್ದಳು.

"ಇದು ವಾಂತಿಭೇದಿಯೇ ಇರಬೇಕು, ಗುರುಗಳೇ. ನನ್ನ ಔಷಧಿಯೊಂದೇ ಇಷ್ಟೆಲ್ಲ ಮಾಡೋದಿಲ್ಲ," ಎಂದ ಕೇದಾರ. "ಉಗ್ರವಾದ ಮಾತ್ರೆ ಅರೀತಾ ಇದ್ದೀನಿ."

"ಬೆಳಿಗ್ಗೆ ಏನು ಕೊಟ್ಟಿದ್ದೆ?"

ಕೇದಾರ ಹತ್ತಿರ ಬಂದು ಗುರುಗಳ ಕಿವಿಗೆ ಬಾಗಿದ. ಗುರುಗಳು ಅಂಗೈಯಿಂದ ಕಿವಿ ಮುಚ್ಚಿಕೊಂಡರು.

"ನನಗಲ್ಲ. ಗೌರವ್ವನಿಗೆ ಹೇಳು."

ಕೇದಾರ ಹಿಂದೆ ಸರಿದ. "ಕೈಗುಣ ಹೋಗುತ್ತೆ, ಗುರುಗಳೇ. ನಮ್ಮ ತಾತ ಸಾಯೋವರೆಗೂ ಯಾರಿಗೂ ಹೇಳಲಿಲ್ಲ."

"ಈ ಮನುಷ್ಯ ಹೋಗ್ತಾ ಇದ್ದಾನೆ. ಯಾವುದು ಹೋದರೆ ಪರವಾಗಿಲ್ಲ, ನೀನೇ ನೋಡು."

ಕೇದಾರ ಹುಲುಗಪ್ಪನ ಹೆಂಡತಿಯನ್ನು ನೋಡಿದ. ಅವನಿಗೆ ನಾಚಿಕೆಯಾಯಿತು.

"ಹರಳೆಣ್ಣೆ," ಎಂದ, ಎಲ್ಲರಿಗೂ ಕೇಳುವಂತೆ.

ಗೌರವ್ವ ಕೈಯಲ್ಲಿದ್ದ ಬಟ್ಟಲನ್ನು ನೆಲಕ್ಕಿಟ್ಟಳು. "ಅಯ್ಯೋ ಅಣ್ಣಾ, ನಾನು ಸೋನಾಮುಖಿ ಕೊಟ್ಟೆನಲ್ಲ."

ಕೇದಾರ ಎದ್ದು ಅರೆದಿದ್ದ ಮಾತ್ರೆಯನ್ನು ಒಲೆಗೆ ಚೆಲ್ಲಿದ.

"ಹಾಗಾದರೆ ವಾಂತಿಭೇದಿ ಅಲ್ಲ. ಇದೆಲ್ಲ ನಾವೇ ಮಾಡಿದ್ದು," ಎಂದ.

"ದಾಳಿಂಬೆ ಸಿಪ್ಪೆ ಅರೆದು ಮಜ್ಜಿಗೇಲಿ ಕೊಡ್ಲಾ?" ಎಂದಳು ಗೌರವ್ವ. ಕೇಳಿದ್ದು ಗುರುಗಳನ್ನಲ್ಲ, ಕೇದಾರನನ್ನು.

"ಕೊಡು. ಗುಟುಕು ಗುಟುಕಾಗಿ ಕೊಡು. ನಾನು ನಾಡಿ ಹಿಡಿದು ಕೂತಿರ್ತೀನಿ, ಹೇಗಿದೆ ಅಂತ ಹೇಳ್ತಾ ಹೋಗ್ತೀನಿ."

ಗುರುಗಳು ಜಗಲಿಯ ಮೇಲೆ ಕೂತು, ತಂದ ಬೇರುಗಳ ಮಣ್ಣು ಕೊಡವತೊಡಗಿದರು. ಒಳಗಿನಿಂದ ಇಬ್ಬರ ಮಾತೂ ಕೇಳಿಸುತ್ತಿತ್ತು. ಆ ಕೋಣೆಯಲ್ಲಿ ಅಷ್ಟು ಮಾತು ಹಿಂದೆಂದೂ ಕೇಳಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಭೇದಿ ನಿಂತು ಹುಲುಗಪ್ಪನ ಕೈಕಾಲು ಬೆಚ್ಚಗಾದವು. ಅವನು ಕಣ್ಣು ಬಿಟ್ಟು ಹೆಂಡತಿಯ ಕಡೆ ತಿರುಗಿದ.

"ಹಸಿವಾಗ್ತಿದೆ ಕಣೇ."

ಅವಳು ಅಳುತ್ತಲೇ ನಕ್ಕಳು. ಗೌರವ್ವ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಮೇಲೆ ಗಂಜಿ ಇಟ್ಟಳು. ಕೇದಾರ ಹೋದ ಜೀವ ಬಂದವನಂತೆ ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟ.

ಸ್ವಲ್ಪ ಹೊತ್ತಾದ ಮೇಲೆ ಅವನು ಜಗಲಿಗೆ ಬಂದು ಮೆಲ್ಲಗೆ ಕೇಳಿದ.

"ಗುರುಗಳೇ, ಎಲ್ಲರೆದುರಿಗೂ ಹೇಳಿಬಿಟ್ಟೆ. ನನ್ನ ಕೈಗುಣ ಹೋಯ್ತಾ?"

"ಅವನಿಗೆ ಗಂಜಿ ಆಯ್ತಾ ನೋಡು," ಎಂದರು ಗುರುಗಳು.

ಕೇದಾರ ಒಲೆಯ ಕಡೆ ಇಣುಕಿದ. "ಆಗಿದೆ. ಉಪ್ಪು ಹಾಕಿ ತರ್ತೀನಿ."

"ಮೊದಲು ಗೌರವ್ವನನ್ನ ಕೇಳು," ಎಂದರು ಗುರುಗಳು. "ಅವಳು ಆಗಲೇ ಹಾಕಿರಬಹುದು."