ಸುಣ್ಣ ಚೆಲ್ಲದ ಗಾಡಿ

"ಮಾಸ್ತರೇ, ಎರಡು ಗಾಡಿಗೂ ಬಲ ಒಂದೇ ಅಂತಾರೆ. ಆದರೂ ಒಂದು ಬೆನ್ನಿಗೆ ಗುದ್ದುತ್ತದೆ, ಇನ್ನೊಂದು ಒಂದೇ ಸಮ ಎಳೆಯುತ್ತದೆ. ಬೆಟ್ಟ ಹತ್ತೋಕೆ ಇವೆರಡರಲ್ಲಿ ಯಾವುದು ಮೇಲು?"

ಕೇಳಿದವಳು ನಾಗವೇಣಿ. ಮಾರನೆಯ ದಿನ ಬೆಟ್ಟದ ರಸ್ತೆಯಲ್ಲಿ ಪುಟ್ಟ ಕಾರುಗಳ ಪಂದ್ಯವಿತ್ತು. ಹೋದ ವರ್ಷ ಒಂದು ಉಸಿರಿನಷ್ಟು ಅಂತರದಲ್ಲಿ ಅವಳು ಎರಡನೆಯವಳಾಗಿದ್ದಳು. ತಪ್ಪೆಲ್ಲ ಕಾರಿನದು ಅಂದಿದ್ದಳು. ಅದಕ್ಕೇ ಈ ಸಲ ಎರಡು ತಂದಿದ್ದಳು. ಗುದ್ದುವುದು ಕೆಂಪು, ಎಳೆಯುವುದು ಹಳದಿ. ಸಂಜೆಯೊಳಗೆ ಒಂದನ್ನು ಪಂದ್ಯಕ್ಕೆ ಬರೆಸಬೇಕು. ಬೆಳಗ್ಗೆಯಿಂದ ಎರಡನ್ನೂ ಬದಲಿಸಿ ಬದಲಿಸಿ ಓಡಿಸಿದ್ದಳು. ಅವಳಿಗೆ ಗಾಡಿ ಕಲಿಸಿದ ಮೌಲಾಲಿ ಮಾಸ್ತರರು ಮಡಿಲಲ್ಲಿ ಎಲೆ ಅಡಿಕೆಯ ಸಂಚಿ ಇಟ್ಟುಕೊಂಡು ಎರಡು ಗಾಡಿಯಲ್ಲೂ ಪಕ್ಕದ ಸೀಟಿನಲ್ಲೇ ಕೂತು ಬಂದಿದ್ದರು.

ಮಾಸ್ತರರು ಬಾಯಿಯ ಎಲೆಯನ್ನು ಆ ದವಡೆಯಿಂದ ಈ ದವಡೆಗೆ ಸರಿಸಿದರು. "ಕೂತ್ಕೊ ಮಗಳೇ. ಕತೆ ಹೇಳ್ತೀನಿ" ಅಂದರು.

ಒಬ್ಬ ಬಳೆ ವ್ಯಾಪಾರಿ. ಮನುಷ್ಯ ಒಳ್ಳೆಯವನೇ. ಒಂದು ಬಳೆಯೂ ಒಡೆಯದ ಹಾಗೆ ಎಂಥ ದಪ್ಪ ಕೈಗಾದರೂ ತೊಡಿಸುತ್ತಿದ್ದ. ಆದರೆ ಕೈಯಲ್ಲಿದ್ದ ನಾಜೂಕು ಕಾಲಿಗೆ ಇಳಿದಿರಲಿಲ್ಲ.

ಅವನ ತಾಯಿಗೆ ಒಬ್ಬಳು ಅಕ್ಕ. ಬೆಟ್ಟದ ಮೇಲಿನ ಊರಿನಲ್ಲಿದ್ದಳು. ಅಕ್ಕತಂಗಿಯರು ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಬಸ್ಸು ಹತ್ತಿದರೆ ಎರಡನೆಯ ತಿರುವಿಗೇ ತಾಯಿಗೆ ಹೊಟ್ಟೆ ತೊಳಸುತ್ತಿತ್ತು. ಮಗ ಕರೆದಾಗಲೆಲ್ಲ ಅವಳದು ಒಂದೇ ಮಾತು. "ಕೂತು ಎಲೆಗೆ ಸುಣ್ಣ ಹಚ್ಚೋ ಹಾಗಿರಬೇಕು. ಅಂಥ ಗಾಡಿ ತಾ, ಬರ್ತೀನಿ."

ಅಕ್ಕನಿಗೆ ಎಂಬತ್ತು ತುಂಬುವ ದಿನ ಬಂತು. ವ್ಯಾಪಾರಿ ಕಾರಿನ ಅಂಗಡಿಗೆ ಹೋಗಿ, ಒಂದನ್ನು ಕೊಳ್ಳುತ್ತೇನೆ, ಓಡಿಸಿ ನೋಡಬೇಕು ಅಂತ ಎರಡು ಪುಟ್ಟ ಕಾರು ತಂದ. ಒಂದನ್ನು ತಾನು ಹಿಡಿದ. ಇನ್ನೊಂದನ್ನು ಹೆಂಡತಿ ಹಿಂದಿನಿಂದ ತಂದಳು.

ಮೊದಲನೆಯ ಕಾರು ಪಂಪು ಹೊಡೆಯುವ ಸೀಮೆಎಣ್ಣೆ ಸ್ಟವ್ ಇದ್ದ ಹಾಗೆ. ಒತ್ತಿದರೆ ಒಂದು ಗಳಿಗೆ ಸುಮ್ಮನಿರುತ್ತದೆ, ಆಮೇಲೆ ಭಗ್ ಅನ್ನುತ್ತದೆ. ಎರಡನೆಯದು ಬೀಸುವ ಕಲ್ಲಿನ ಹಾಗೆ. ತಿರುಗಿಸಿದಷ್ಟೇ ಹಿಟ್ಟು. ಜೋರಾಗಿ ತಿರುಗಿಸಿದರೆ ಹಾಡೂ ಜೋರು.

ವ್ಯಾಪಾರಿ ಮೊದಲು ಸ್ಟವ್ವಿನಂಥ ಗಾಡಿಯಲ್ಲಿ ತಾಯಿಯನ್ನು ಕೂರಿಸಿಕೊಂಡ. ತಿರುವಿನಲ್ಲಿ ಒತ್ತಿದ. ಗಾಡಿ ಸುಮ್ಮನಿತ್ತು. ಕೇಳಿಸಲಿಲ್ಲವೇನೋ ಅಂತ ಇನ್ನಷ್ಟು ಒತ್ತಿದ. ಕೇಳಿದ್ದು, ಕೇಳದ್ದು ಎಲ್ಲ ಒಟ್ಟಿಗೇ ಬಂತು. ತಾಯಿಯ ಬೆರಳಿನ ಸುಣ್ಣ ಹೋಗಿ ಮೂಗಿನ ತುದಿಗೆ ಕೂತಿತು.

"ಇದೇನೋ ಗಾಡಿಯೋ, ಹಗ್ಗ ಹರಿದ ಹೋರಿಯೋ?"

ವ್ಯಾಪಾರಿ ಅವಳನ್ನು ಇಳಿಸಿ ಬೀಸುಕಲ್ಲಿನಂಥ ಗಾಡಿಗೆ ಕೂರಿಸಿದ. ಅದನ್ನೂ ತಾನೇ ಹಿಡಿದ. ಒತ್ತಿದ. ಬೆನ್ನಿಗೆ ಏಟೇ ಬೀಳಲಿಲ್ಲ. ಏಟು ಬಿದ್ದರೇ ಬಲ ಅಂದುಕೊಂಡವನು ಅವನು. "ಇದರಲ್ಲಿ ಜೀವವೇ ಇಲ್ಲ" ಅಂತ ಕಾಲನ್ನು ನೆಲಕ್ಕೆ ಊರಿದ. ಗಾಡಿ ಅರಚಿಕೊಂಡು ಓಡಿತು. ಎದುರಿಗೆ ತಿರುವು ಬಂದಾಗ ಗಕ್ಕನೆ ಬ್ರೇಕು ಹಾಕಿದ. ಈ ಸಲ ಸುಣ್ಣ ಕಿವಿಗೆ ಹೋಯಿತು.

"ಮೂಗಾಯ್ತು, ಕಿವಿಯಾಯ್ತು. ಇನ್ನು ಕಣ್ಣು ಉಳಿದಿದೆ. ನಿಲ್ಲಿಸಪ್ಪಾ!"

ತಾಯಿ ಇಳಿದು ಮೈಲಿಗಲ್ಲಿನ ಮೇಲೆ ಕೂತುಬಿಟ್ಟಳು. "ನಿನ್ನ ತಂಗಿ ಹತ್ತನೇ ಕಲ್ಲಿನ ಹತ್ತಿರ ಇದ್ದಾಳೆ, ಅಲ್ಲಿಂದ ಮುಂದೆ ಬರೋದಿಲ್ಲ ಅಂತ ಅಕ್ಕನಿಗೆ ಹೇಳು" ಅಂದಳು.

ವ್ಯಾಪಾರಿಯ ಮುಖ ಬಾಡಿತು. ಒಂಬತ್ತು ವರ್ಷ ಕಾದದ್ದು ಹತ್ತು ಮೈಲಿಗೆ ಮುಗಿಯಿತಲ್ಲ ಅನ್ನಿಸಿತು. ಅಷ್ಟರಲ್ಲಿ ಹೆಂಡತಿ ಮೊದಲನೆಯ ಗಾಡಿಯನ್ನು ತಂದು ನಿಲ್ಲಿಸಿದಳು.

"ಬನ್ನಿ ಅತ್ತೆ, ಇದರಲ್ಲಿ ಕೂತ್ಕೊಳ್ಳಿ."

"ಅದು ಗುದ್ದೋ ಗಾಡಿ ಅಲ್ಲವೇನೇ!" ಅಂದ ವ್ಯಾಪಾರಿ.

"ನಿಮ್ಮನ್ನ ಗುದ್ದುತ್ತೆ. ನನ್ನ ಜೊತೆ ಅದಕ್ಕೇನೂ ಜಗಳ ಇಲ್ಲ."

ಇಪ್ಪತ್ತು ವರ್ಷ ಪಂಪು ಸ್ಟವ್ ಹಚ್ಚಿದವಳು ಅವಳು. ಒಂದು ದಿನವೂ ಹುಬ್ಬು ಸುಟ್ಟುಕೊಂಡಿರಲಿಲ್ಲ. ತಿರುವು ಮುಗಿಯುವ ಮೊದಲೇ ಚೂರು ಒತ್ತಿದಳು. ಒಂದು ಉಸಿರು ಕಾದಳು. ಬಲ ಬರುವ ಹೊತ್ತಿಗೆ ರಸ್ತೆ ನೆಟ್ಟಗಾಗಿತ್ತು. ಹಾಗೇ ಮುಂದಿನ ತಿರುವು, ಅದರ ಮುಂದಿನದು. ಬೀಸುಕಲ್ಲಿನ ಗಾಡಿ ಅರಚಿಸಿಕೊಂಡು ಹಿಂದೆ ಬಂದ ವ್ಯಾಪಾರಿಗೆ ಅವಳ ದೂಳು ಮಾತ್ರ ಕಂಡಿತು.

ಅವನು ಬೆಟ್ಟದ ಮೇಲೆ ಮುಟ್ಟುವಾಗ ಅಕ್ಕತಂಗಿಯರು ಆಗಲೇ ಜಗಲಿಯಲ್ಲಿ ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದರು. ದಾರಿಯಲ್ಲಿ ಮಡಿಸಿದ ಎಲೆಯನ್ನು ತಾಯಿ ಅಕ್ಕನ ಬಾಯಿಗೆ ಇಡುತ್ತಿದ್ದಳು. ಅವಳ ಸೀರೆಯ ಮೇಲೆ ಸುಣ್ಣದ ಒಂದು ಚುಕ್ಕೆಯೂ ಇರಲಿಲ್ಲ.

"ಅವ್ವಾ, ಹಾಗಾದರೆ ಯಾವ ಗಾಡಿ ಕೊಳ್ಳಲಿ?" ಅಂತ ಕೇಳಿದ.

ತಾಯಿ ಯೋಚಿಸಿದಳು. "ನಾನು ಯಾವುದರಲ್ಲಿ ಬಂದೆನೋ?" ಅಂದಳು.

ಮಾಸ್ತರರು ಕತೆ ನಿಲ್ಲಿಸಿದರು. ನಾಗವೇಣಿ ಚಂಗನೆ ಎದ್ದಳು.

"ಗೊತ್ತಾಯ್ತು ಮಾಸ್ತರೇ! ಗುದ್ದೋದರಲ್ಲೇ ತಾನೇ ಅವಳು ಬಂದದ್ದು? ಕೆಂಪನ್ನೇ ಬರೆಸ್ತೀನಿ." ಕೆಂಪು ಕಾರಿನ ಬೀಗದ ಕೈಯನ್ನು ಬೆರಳಿಗೆ ಸಿಕ್ಕಿಸಿ ಗಿರಗಿರ ತಿರುಗಿಸಿದಳು.

ಮಾಸ್ತರರು ಮೆಲ್ಲಗೆ ಎದ್ದು ನಿಂತರು. ಎದೆಯ ಮೇಲೆ ಹೊದ್ದಿದ್ದ ಟವೆಲನ್ನು ತೆಗೆದರು. ಅವರ ನೀಲಿ ಅಂಗಿಯ ತುಂಬ, ಕಾಲರಿನಿಂದ ಹೊಟ್ಟೆಯವರೆಗೆ, ಬೆಳ್ಳಗೆ ಸುಣ್ಣದ ಚುಕ್ಕೆಗಳು.

ತಿರುಗುತ್ತಿದ್ದ ಬೀಗದ ಕೈ ನಿಂತಿತು.

"ಇದರಲ್ಲಿ ಕೆಂಪು ಗಾಡಿಯ ಚುಕ್ಕೆ ಯಾವುದು, ಹಳದಿ ಗಾಡಿಯದು ಯಾವುದು, ಆರಿಸಿ ಹೇಳು ಮಗಳೇ" ಅಂದರು ಮಾಸ್ತರರು.