ಗೊಬ್ಬರ ಕದ್ದವರು ಯಾರು?

"ಏಳು ಸೀಮೆ ಸುತ್ತಿ ಬನ್ನಿ. ನನ್ನ ಹೊಲದಷ್ಟು ನೆಟ್ಟಗೆ ಉತ್ತ ಹೊಲ ಇನ್ನೊಂದಿದ್ದರೆ ಮೀಸೆ ಬೋಳಿಸುತ್ತೇನೆ" ಎಂದು ಕರಿಕಲ್ಲುದುರ್ಗದ ಪಾಳೇಗಾರ ಬೊಮ್ಮಲಿಂಗ ನಾಯಕ ಬಂದವರಿಗೆಲ್ಲ ಹೇಳುತ್ತಿದ್ದ.

ಅದೇನೂ ಸುಳ್ಳಲ್ಲ. ಅರಮನೆಯ ಉಪ್ಪರಿಗೆಗೆ ಎದುರಾಗಿ ಒಂದು ಗುಡ್ಡ. ಅದರ ಇಳಿಜಾರಿನಲ್ಲಿ ದೊರೆಯ ಹೊಲ. ನೇಗಿಲ ಸಾಲುಗಳು ಮೇಲಿನಿಂದ ಹೊರಟು ಕೆಳಗಿನ ಕೆರೆಯವರೆಗೆ ನೇರವಾಗಿ ಇಳಿದಿದ್ದವು, ಮದುವಣಗಿತ್ತಿಗೆ ತಲೆ ಬಾಚಿದ ಹಾಗೆ. ಉಪ್ಪರಿಗೆಯಿಂದ ನೋಡಿದರೆ ಚೆಂದ ಕಾಣಬೇಕು, ಅಷ್ಟೇ ದೊರೆಗೆ ಗೊತ್ತಿದ್ದ ಬೇಸಾಯ. ಮೂರು ಸಲ ಉಳುಮೆ ಮಾಡಿಸಿ, ಮಣ್ಣನ್ನು ಹಿಟ್ಟು ಮಾಡಿಸಿ, ನೂರು ಗಾಡಿ ಕೊಟ್ಟಿಗೆ ಗೊಬ್ಬರ ಹಾಕಿಸಿದ್ದ.

ಅದೇ ಇಳಿಜಾರಿನಲ್ಲಿ, ದೊರೆಯ ಹೊಲದ ಮಗ್ಗುಲಿಗೆ ಸಣ್ಣೀರಮ್ಮನ ಹೊಲ. ಜಾಲಿ ಕಡಿದು, ಕಲ್ಲು ಆಯ್ದು, ಒಬ್ಬಳೇ ಮಾಡಿಕೊಂಡ ತುಂಡು ನೆಲ. ಅವಳು ಇಳಿಜಾರಿಗೆ ಅಡ್ಡಲಾಗಿ ಉಳುತ್ತಿದ್ದಳು. ನಡುನಡುವೆ ಬದು ಹಾಕಿ, ಅದರ ಮೇಲೆ ಹುಲ್ಲು ಬಿಟ್ಟಿದ್ದಳು.

ದಳವಾಯಿ ಹಂಪಣ್ಣ ಬಿತ್ತನೆಗೆ ಮುಂಚೆಯೇ ಬಂದು ಹೇಳಿದ್ದ: "ಏನಮ್ಮ, ದೊರೆಗಳ ಕಣ್ಣಿಗೆ ನಿನ್ನ ಹೊಲ ಹರಕು ಚಾಪೆ ಕಂಡ ಹಾಗೆ ಕಾಣುತ್ತದೆ. ಮೇಲಿಂದ ಕೆಳಕ್ಕೆ ನೆಟ್ಟಗೆ ಉಳು."

"ನನ್ನ ಹೊಲವನ್ನು ನೋಡಲು ಗಂಡಿನ ಕಡೆಯವರು ಬರುತ್ತಿಲ್ಲ ಹಂಪಣ್ಣನವರೇ. ಅದಕ್ಕೆ ತಲೆ ಬಾಚಿ ಕೂರಿಸುವ ಕೆಲಸ ನನಗಿಲ್ಲ."

ನಾಲ್ಕು ಮಳೆ ಬಿತ್ತು. ದೊರೆಯ ರಾಗಿ ಗೇಣುದ್ದ ಬೆಳೆದು ಹಳದಿಗೆ ತಿರುಗಿ ನಿಂತಿತು. ಸಣ್ಣೀರಮ್ಮನ ರಾಗಿ ಮೊಣಕಾಲಿಗೆ ಬಂದು ಕಪ್ಪಗೆ ತೂಗಾಡಿತು. ಕೆಳಗಿನ ಕೆರೆಯಲ್ಲಿ ಮಾತ್ರ ಯಾರೂ ಬಿತ್ತದೆ ಹಸಿರು ಬೆಳೆದಿತ್ತು. ನೀರು ಕಾಣದಷ್ಟು ಪಾಚಿ. ದನಗಳು ಮೂಸಿ ನೋಡಿ ಹಿಂದಕ್ಕೆ ಬರುತ್ತಿದ್ದವು.

ಅರಮನೆಯಿಂದ ಕರೆ ಬಂತು.

"ಸಣ್ಣೀರಮ್ಮ," ಎಂದ ದೊರೆ, "ನನ್ನ ಹೊಲದಲ್ಲಿ ನೂರು ಗಾಡಿ ಗೊಬ್ಬರ ಇತ್ತು. ಈಗ ಕೆದಕಿದರೆ ಬರೀ ಗರಸು ಕಲ್ಲು. ನಿನ್ನ ಹೊಲದಲ್ಲಿ ನೋಡಿದರೆ ಬೆಳೆ ಉಕ್ಕುತ್ತಿದೆ. ಕದ್ದೆಯೋ, ಮಾಟ ಮಾಡಿದೆಯೋ?"

"ನೂರು ಗಾಡಿ ಕದಿಯಲು ನನ್ನ ಹತ್ತಿರ ಒಂದು ಗಾಡಿಯೂ ಇಲ್ಲ ಬುದ್ಧಿ."

"ಹಾಗಾದರೆ ಕಳ್ಳನನ್ನು ಮಾಲಿನ ಸಮೇತ ಹಿಡಿದುಕೊಡು. ಎಂಟು ದಿನ ಸಮಯ. ಇಲ್ಲದಿದ್ದರೆ ನಿನ್ನ ಹೊಲ ನನ್ನದು. ನೆಟ್ಟಗೆ ಉಳುಮೆ ಮಾಡಿಸುತ್ತೇನೆ."

ಸಣ್ಣೀರಮ್ಮ ಸೆರಗು ಬಿಗಿದು ಸಿಕ್ಕಿಸಿದಳು. "ಆಗಲಿ ಬುದ್ಧಿ. ಕಳ್ಳ ಸಿಕ್ಕರೆ ಏನು ಶಿಕ್ಷೆ?"

"ಗಡೀಪಾರು."

"ಒಳಗಿನವರು ಬಾಗಿಲು ತೆಗೆಯದೆ ಇಷ್ಟು ದೊಡ್ಡ ಕಳವು ಆಗುವುದಿಲ್ಲ. ಬಾಗಿಲು ತೆಗೆದುಕೊಟ್ಟವರಿಗೆ?"

ದೊರೆ ಮೀಸೆ ತಿರುವಿದ. "ಕದ್ದ ಮಾಲನ್ನು ತಲೆಯ ಮೇಲೆ ಹೊತ್ತು ತಂದು ಹೊಲಕ್ಕೆ ಹಾಕಬೇಕು. ಯಾರೇ ಆಗಲಿ. ಕುಲದೇವರಾಣೆ."

"ಎಲ್ಲರೂ ಕೇಳಿಸಿಕೊಂಡಿರಾ?" ಎಂದು ಸಭೆಯನ್ನು ಒಂದು ಸಲ ನೋಡಿ ಸಣ್ಣೀರಮ್ಮ ಮನೆಗೆ ಹೋದಳು.

ಆರು ದಿನ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ ಇತ್ತು. ಹಂಪಣ್ಣ ದಿನಕ್ಕೊಂದು ಸಲ ಬಂದು ಅವಳ ಹೊಲವನ್ನು ಹೆಜ್ಜೆ ಹಾಕಿ ಅಳೆದು ಹೋಗುತ್ತಿದ್ದ. ಏಳನೆಯ ದಿನ ಮಧ್ಯಾಹ್ನ ಮೋಡ ಕವಿದು ಧೋ ಎಂದು ಸುರಿಯಿತು. ಸಣ್ಣೀರಮ್ಮ ಎಲೆಯ ಗೊರಗ ಹೊದ್ದು ಅರಮನೆಗೆ ಓಡಿದಳು.

"ಕಳ್ಳ ಬಂದಿದ್ದಾನೆ ಬುದ್ಧಿ, ಈಗಲೇ ಬನ್ನಿ."

ದೊರೆ ಕತ್ತಿ ಹಿರಿದು ಓಡಿ ಬಂದ. ಹಿಂದೆ ಕೊಡೆ ಹಿಡಿದ ಹಂಪಣ್ಣ. ಹೊಲದ ಕೆಳತುದಿಯಲ್ಲಿ ನಿಂತು ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ. ನೆಟ್ಟನೆಯ ಸಾಲುಗಳಲ್ಲಿ ಕೆಸರು ನೀರು ಭೋರ್ಗರೆದು ಕೆರೆಗೆ ಧುಮುಕುತ್ತಿತ್ತು.

"ಎಲ್ಲಿ ಕಳ್ಳ?"

ಸಣ್ಣೀರಮ್ಮ ಎರಡು ಕೊಡ ತಂದಿದ್ದಳು. ಒಂದನ್ನು ದೊರೆಯ ಸಾಲಿನ ನೀರಿಗೆ ಹಿಡಿದಳು, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿತು. ಇನ್ನೊಂದನ್ನು ತನ್ನ ಕೊನೆಯ ಬದುವಿನ ಬುಡದಲ್ಲಿಟ್ಟಳು. ಅಲ್ಲಿ ನೀರು ಹುಲ್ಲಿನೊಳಗಿಂದ ಸೋಸಿ ತೊಟ್ಟಿಕ್ಕುತ್ತಿತ್ತು. ಅದು ತುಂಬುವ ಹೊತ್ತಿಗೆ ಮಳೆಯೇ ನಿಂತಿತು.

ಅಷ್ಟರಲ್ಲಿ ಮೊದಲಿನ ಕೊಡದಲ್ಲಿ ಕೆಸರು ತಳಕ್ಕೆ ಕೂತು ನೀರು ತಿಳಿಯಾಗಿತ್ತು. ಅದನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿದಳು. ತಳದಲ್ಲಿ ನಾಲ್ಕು ಬೆರಳು ಕಪ್ಪು ಮಣ್ಣು. ಒಂದು ಮುಷ್ಟಿ ತೆಗೆದು ದೊರೆಯ ಮೂಗಿನ ಹತ್ತಿರ ಹಿಡಿದಳು.

"ಗುರುತು ಸಿಕ್ಕಿತಾ ಬುದ್ಧಿ?"

ದೊರೆ ಮೂಸಿದ. "ನನ್ನ ಕೊಟ್ಟಿಗೆಯದೇ."

ಎರಡನೆಯ ಕೊಡದ ತಳದಲ್ಲಿ ಒಂದು ಚಿಟಿಕೆಯಷ್ಟು ಕೆಸರಿತ್ತು.

"ಕಳ್ಳ ಮಳೆರಾಯ. ಮಾಲು ಬಚ್ಚಿಟ್ಟ ಜಾಗ ಕೆರೆ. ನಿಮ್ಮ ಗೊಬ್ಬರ ತಿಂದೇ ಪಾಚಿ ಅಷ್ಟು ಕೊಬ್ಬಿರುವುದು. ಗಡೀಪಾರು ಮಾಡುತ್ತೀರಾ?"

"ಬಿಡ್ತು ಅನ್ನು," ಎಂದ ದೊರೆ ಆಕಾಶಕ್ಕೆ ಕೈಮುಗಿದು. "ಅವನನ್ನು ಕ್ಷಮಿಸಿದ್ದೇನೆ."

"ಅವನು ನನ್ನ ಹೊಲಕ್ಕೂ ಬಂದಿದ್ದ. ಅಡ್ಡ ಸಾಲು ಕಂಡು ಕೂತ, ಬದು ಕಂಡು ನಿಂತ, ಬರಿಗೈಯಲ್ಲಿ ಹೋದ. ನಿಮ್ಮಲ್ಲಿ ಮಣ್ಣು ಹಿಟ್ಟಾಗಿತ್ತು, ಸಾಲು ಸಾಲಿಗೂ ಕೆರೆಯವರೆಗೆ ಬಾಗಿಲು ತೆಗೆದಿತ್ತು. ಹಾಗೆ ತೆಗೆಸಿದವರು ಯಾರು?"

ದೊರೆ ಹಂಪಣ್ಣನನ್ನು ನೋಡಿದ. ಹಂಪಣ್ಣ ಕೊಡೆಯನ್ನು ನೋಡಿದ.

"ಅಪ್ಪಣೆ ತಮ್ಮದೇ ಆಗಿತ್ತು ಪ್ರಭೂ," ಎಂದ, ಕೊಡೆಗೆ ಹೇಳುವ ಹಾಗೆ.

ದೊರೆ ಬಹಳ ಹೊತ್ತು ಕೆಮ್ಮಿದ. ಆಮೇಲೆ, "ಆಣೆ ತಪ್ಪುವ ವಂಶ ನಮ್ಮದಲ್ಲ. ಆದರೆ ನೋಡು, ಈ ತಲೆಯ ಮೇಲೆ ಪಟ್ಟದ ರುಮಾಲಿದೆ. ಇದರ ಮೇಲೆ ಮಣ್ಣು ತುಂಬಿದ ಮಂಕರಿ ಹೊರುವುದು ಹೇಗೆ?"

"ಒಳ್ಳೆಯದೇ ಆಯಿತಲ್ಲ ಬುದ್ಧಿ. ಸಿಂಬಿಗೆ ಬೇರೆ ಬಟ್ಟೆ ಹುಡುಕುವುದು ತಪ್ಪಿತು."

ದೊರೆಯ ಮೀಸೆ ಅದುರಿತು, ಹೊಟ್ಟೆ ಕುಲುಕಿತು, ನಗು ಗುಡ್ಡಕ್ಕೆ ಬಡಿದು ಹಿಂದಿರುಗಿತು. ನಕ್ಕವನೇ ಕೆರೆಯಂಚಿನ ಗೋಡುಮಣ್ಣು ತುಂಬಿದ ಮಂಕರಿಯನ್ನು ರುಮಾಲಿನ ಮೇಲಿಟ್ಟುಕೊಂಡು ಗುಡ್ಡ ಹತ್ತಿದ. ನಡುದಾರಿಯಲ್ಲಿ ಎರಡು ಸಲ ಕುಳಿತ. ಹೊಲಕ್ಕೆ ಸುರಿದು ಇಳಿದು ಬಂದಾಗ ಗೋಡು ಕಿವಿಯವರೆಗೆ ಇಳಿದಿತ್ತು.

"ಹೊಲ ನಿನ್ನದೇ. ಮುಂದಿನ ಸಲ ನನ್ನ ಹೊಲಕ್ಕೂ ನೀನೇ ಅಡ್ಡ ಸಾಲು ಹಾಕಿಸಿಕೊಡು. ಈಗ ಏನು ಬೇಕೋ ಕೇಳು," ಎಂದ ಏದುಸಿರು ಬಿಡುತ್ತ.

"ಕೆರೆಯಲ್ಲಿರುವ ಗೋಡು ಕೊಡಿ ಬುದ್ಧಿ."

"ಅದು ಹೇಗಾಗುತ್ತದೆ? ಅದು ನನ್ನ ಗೊಬ್ಬರ."

"ನಿಮ್ಮದಾದರೆ ಸರಿ," ಎಂದು ಸಣ್ಣೀರಮ್ಮ ಖಾಲಿ ಮಂಕರಿಯನ್ನು ಅವನ ಮುಂದಕ್ಕೆ ತಳ್ಳಿದಳು. "ಹೊತ್ತುಬಿಡಿ. ಇನ್ನೇನು, ತೊಂಬತ್ತೊಂಬತ್ತು ಗಾಡಿ ಚಿಲ್ಲರೆ ಉಳಿದಿದೆ."

ದೊರೆ ಒಂದು ಸಲ ಮಂಕರಿ ನೋಡಿದ, ಒಂದು ಸಲ ಗುಡ್ಡ ನೋಡಿದ.

"ಹಂಪಣ್ಣ," ಎಂದ, "ಬರೆದುಕೊಡು. ಆ ಗೋಡು ಹುಟ್ಟಿದಾಗಿನಿಂದಲೂ ಈಕೆಯದೇ."